ಎಡಗೈಗೆ ತೆರೆಯುವ ಕವರ್

ಗಿರಾಕಿ ಬಂದರೆ ಸೂಜಿ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

ಸೂಜಿ ಎಂಬುದು ಅವಳ ಹೆಸರೇನಲ್ಲ. ಕೈಯಲ್ಲೂ ಸೂಜಿ, ನಾಲಿಗೆಯಲ್ಲೂ ಸೂಜಿ ಎಂದು ಆ ಶಾಪಿಂಗ್ ಕಾಂಪ್ಲೆಕ್ಸಿನವರು ಇಟ್ಟದ್ದು. ಮೂರನೇ ಮಹಡಿಯ ಮೂಲೆಯಲ್ಲಿ ಅವಳ ಸೋದರಮಾವನ ಲೆದರ್ ಅಂಗಡಿ. ಮುಂದುಗಡೆ ಮಾವ ಬೆಲ್ಟು, ಪರ್ಸು ಮಾರುತ್ತಿದ್ದರು, ಅಂದರೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಒಳಗೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಅವಳು ಫೋನುಗಳಿಗೆ ಚರ್ಮದ ಕವರ್ ಹೊಲಿಯುತ್ತಿದ್ದಳು.

ಯಾವ ಕೈಯಲ್ಲಿ ಫೋನ್ ಹಿಡಿಯುತ್ತೀರಿ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ, ಯೋಚಿಸಿ ಹೇಳಿದ್ದರಲ್ಲಿ ಅರ್ಧ ಸುಳ್ಳು ಸೇರಿಕೊಳ್ಳುತ್ತದೆ ಎಂಬುದು ಅವಳ ವಾದ. ಮಾತಿಗೆಳೆದು, ಫೋನ್ ಕೈಯಲ್ಲಿದ್ದಾಗ ಹೆಬ್ಬೆರಳು ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಿಕೊಂಡರಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕವರಿನ ಮುಚ್ಚಳ ಯಾವ ಕಡೆಯಿಂದ ತೆರೆಯಬೇಕು, ಹೆಬ್ಬೆರಳಿಗೆಂದು ಅಂಚಿನಲ್ಲಿ ಸಣ್ಣ ಗುಳಿ ಎಲ್ಲಿ ಕೊರೆಯಬೇಕು ಎಂಬುದೆಲ್ಲ ಅಷ್ಟರಲ್ಲೇ ಅವಳಿಗೆ ತಿಳಿದುಹೋಗುತ್ತಿತ್ತು.

ಲಿಫ್ಟಿನವನು ಬಂದದ್ದು ಲಿಫ್ಟ್ ಕೆಟ್ಟ ದಿನ. ರಿಪೇರಿಗೆಂದು ಕಂಪನಿ ಕಳಿಸಿದ ಮನುಷ್ಯ ರಿಪೇರಿ ಬಿಟ್ಟು ಅಂಗಡಿಯ ಗಾಜಿನ ಬಾಗಿಲು ತಟ್ಟಿದ. ಮಾವನ ಗೊರಕೆ ನಿಲ್ಲಲಿಲ್ಲ. ಅವನು ತುದಿಗಾಲಲ್ಲಿ ಮಾವನನ್ನು ದಾಟಿ ಒಳಗೆ ಬಂದು, ಮೇಜಿನ ಮೇಲೆ ಹಾಸಿದ್ದ ಚರ್ಮಗಳನ್ನು ಕಂಡ ಕೂಡಲೇ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮುಟ್ಟುವ ಮೊದಲೇ ಒರೆಸಿಕೊಂಡನಲ್ಲ, ಸೂಜಿಗೆ ಅದು ಹಿಡಿಸಿತು. ಇಷ್ಟಪಡಲು ಅದಕ್ಕಿಂತ ದೊಡ್ಡ ಕಾರಣ ಯಾರಿಗೂ ಬೇಕಾಗುವುದಿಲ್ಲ.

"ಈ ಫೋನಿಗೆ ಒಂದು ಲೆದರ್ ಕವರ್ ಬೇಕಿತ್ತು," ಅಂದ.

"ಬಿದ್ರೂ ಒಡೀಬಾರದಾ, ನೋಡೋಕೆ ಚೆನ್ನಾಗಿರ್ಬೇಕಾ?"

"ಎರಡೂ ಒಟ್ಟಿಗೆ ಸಿಗಲ್ವಾ?"

"ಕವರಲ್ಲಿ ಸಿಗುತ್ತೆ. ಮನುಷ್ಯರಲ್ಲಿ ಕಷ್ಟ."

ಅವನು ನಕ್ಕ. ನಗುವಾಗ ಕಣ್ಣು ಮೊದಲು ನಗುತ್ತಿತ್ತು, ಬಾಯಿ ಆಮೇಲೆ ಹಿಂದೆ ಬರುತ್ತಿತ್ತು. ಫೋನ್ ಹೊಚ್ಚ ಹೊಸದು, ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಅದನ್ನು ಅವನು ಎಡಗೈಯಲ್ಲಿ ಹಿಡಿದಿದ್ದ.

ಅವಳು ಚರ್ಮದ ತುಂಡುಗಳನ್ನು ಒಂದೊಂದಾಗಿ ಮುಂದಿಟ್ಟಳು.

"ಇದು ಕುರಿದು. ಮೆತ್ತಗಿರುತ್ತೆ, ಉಗುರು ತಾಗಿದ್ರೂ ಗೆರೆ ಬೀಳುತ್ತೆ. ಇದು ಆಡಿಂದು, ಮೊದಮೊದಲು ಬಿಗಿ, ಆಮೇಲೆ ಹೇಳಿದ ಮಾತು ಕೇಳುತ್ತೆ. ಇದು ಎಮ್ಮೆ ಚರ್ಮ. ಯಾರು ಏನಂದ್ರೂ ತಾಗಲ್ಲ. ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತೆ."

"ನನ್ನನ್ನೇ ನೋಡ್ಕೊಂಡು ಹೇಳ್ತಿದೀರಲ್ಲ."

"ಲಿಫ್ಟ್ ನಿಂತಿದೆ ಅಂತ ಇಡೀ ಬಿಲ್ಡಿಂಗ್ ಬೈತಾ ಇದೆ. ನೀವು ಇಲ್ಲಿ ನಿಂತು ಬಣ್ಣ ಆರಿಸ್ತಿದೀರಿ. ಇನ್ಯಾರನ್ನ ನೋಡ್ಲಿ?"

ಆ ದಿನ ಬಣ್ಣ ತೀರ್ಮಾನವಾಗಲಿಲ್ಲ. ನಾಳೆ ಬರುತ್ತೇನೆ ಅಂದ, ಬಂದ. ಮಾರನೆಯ ದಿನವೂ ಬಂದ.

ಲಿಫ್ಟ್ ಮಾತ್ರ ಏಳಲಿಲ್ಲ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗುವವರು ದವಡೆ ಹಿಡಿದುಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಎರಡನೇ ಮಹಡಿಯ ಜೆರಾಕ್ಸ್ ಅಂಗಡಿಯಾಕೆ ಸೂಜಿಯನ್ನು ಕಂಡಾಗಲೆಲ್ಲ, "ಏನಮ್ಮಾ, ಲಿಫ್ಟಿನ ಪಾರ್ಟು ನಿಮ್ಮ ಅಂಗಡೀಲೇ ಸಿಗುತ್ತಂತೆ?" ಎಂದು ಕಾಲೆಳೆಯುತ್ತಿದ್ದಳು. ಸೂಜಿ ಮೂತಿ ತಿರುಗಿಸಿ ಬರುತ್ತಿದ್ದಳು. ಮೂತಿ ತಿರುಗಿಸಿದ್ದು ನಗು ಕಾಣಬಾರದೆಂದು.

ಅವಳಿಗೆ ಮೂವತ್ತು ದಾಟಿತ್ತು. ಹಿಂದೊಮ್ಮೆ ಹೆಣ್ಣು ನೋಡಲು ಬಂದವರೊಬ್ಬರು ಅವಳ ಉಗುರಿನ ಸಂದಿಯಲ್ಲಿ ಚರ್ಮಕ್ಕೆ ಹಾಕುವ ಬಣ್ಣ ಕಂಡು, ಇದು ತೊಳೆದರೆ ಹೋಗುತ್ತದೆಯೇ ಎಂದು ಕೇಳಿದ್ದರು. ಹೋಗುವುದಿಲ್ಲ ಎಂದು ಅವಳು ನೇರವಾಗಿ ಹೇಳಿದ್ದಳು. ಅವರೇ ಹೋದರು. ಆಮೇಲೆ ಅವಳು ಆ ವಿಷಯವನ್ನೇ ಮಡಿಸಿ ಎತ್ತಿಟ್ಟುಬಿಟ್ಟಿದ್ದಳು. ಈಗ ಲಿಫ್ಟಿನವನ ಹೆಜ್ಜೆ ಕೇಳಿದರೆ ಸಾಕು, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಳ್ಳುತ್ತ, ಬಾಗಿಲಿನ ಗಾಜಿನಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಕಣ್ಣು ಮುಚ್ಚಿ," ಅಂದಳು ಒಂದು ದಿನ. "ಬಣ್ಣ ನೋಡಿ ಆರಿಸಿದ್ರೆ ನಾಲ್ಕು ದಿನಕ್ಕೆ ಬೇಜಾರಾಗುತ್ತೆ. ಚರ್ಮ ಮುಟ್ಟಿ ಆರಿಸ್ಬೇಕು."

ಅವನು ಕಣ್ಣು ಮುಚ್ಚಿ ಎಡಗೈ ಚಾಚಿದ. ಅಂಗೈ ಅಗಲ, ಬೆರಳ ಬುಡದಲ್ಲಿ ಜಡ್ಡು, ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿತ್ತು. ಅವಳು ತುಂಡುಗಳನ್ನು ಒಂದಾದ ಮೇಲೊಂದು ಇಟ್ಟಳು, ತೆಗೆದಳು. ಆಡಿನ ಚರ್ಮ ಇಟ್ಟಾಗ ಅವನ ಬೆರಳು ಮಡಚಿಕೊಂಡವು. ಅವಳ ಬೆರಳುಗಳು ಅಷ್ಟರಲ್ಲಿ ಪೂರ್ತಿ ಹೊರಬಂದಿರಲಿಲ್ಲ.

"ಇದು," ಅಂದ, ಕಣ್ಣು ತೆರೆಯದೆ.

"ಯಾವುದು?"

"ಈಗ ಕೈಯಲ್ಲಿರೋದು."

ಅವಳು ಕೈ ಎಳೆದುಕೊಂಡಳು. ಅವಸರವಾಗಿ ಎಳೆದುಕೊಳ್ಳಲಿಲ್ಲ.

ಚರ್ಮವನ್ನು ಒದ್ದೆ ಮಾಡಿ, ಫೋನಿನ ಅಳತೆಯ ಮರದ ಅಚ್ಚಿಗೆ ಸುತ್ತಿ, ಬಿಗಿದು ಒಣಗಿಸುವುದು ಅವಳ ಪದ್ಧತಿ. ಈ ಫೋನಿಗೆ ಇನ್ನೂ ಅಚ್ಚು ಇರಲಿಲ್ಲ.

"ಫೋನನ್ನೇ ಇಟ್ಕೊಳ್ಳಿ," ಅಂದ ಅವನು.

"ಫೋನ್ ಬಿಟ್ಟು ಹೇಗಿರ್ತೀರಿ? ಜನ ಮಕ್ಕಳನ್ನ ಬಿಟ್ಟಾದ್ರೂ ಹೋಗ್ತಾರೆ, ಫೋನ್ ಬಿಡಲ್ಲ."

"ನಿಮ್ಮ ಹತ್ರ ತಾನೇ ಇರೋದು."

ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒದ್ದೆ ಚರ್ಮ ಬಿಗಿದ ಫೋನ್ ಒಂದು ಇಡೀ ದಿನ ಅವಳ ಮೇಜಿನ ಮೇಲಿತ್ತು. ಬೇರೆಯವರ ಫೋನ್ ತೆರೆದು ನೋಡುವ ಚಾಳಿ ಅವಳದಲ್ಲ. ಆದರೆ ಅದು ಒಂದೇ ಒಂದು ಸಲವೂ ರಿಂಗ್ ಆಗಲಿಲ್ಲ ಎಂಬುದನ್ನು ಗಮನಿಸದೆ ಇರಲು ಅವಳೇನು ಕಿವುಡಿಯೇ? ಅಮ್ಮನಿಂದಿಲ್ಲ, ಗೆಳೆಯರಿಂದಿಲ್ಲ, ಯಾವ ಹುಡುಗಿಯಿಂದಲೂ ಇಲ್ಲ. ಪಾಪ, ಯಾರೂ ಇಲ್ಲದವನು ಎಂದು ಮರುಗಿದಳು. ಮರುಕಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಅವನ ಟೂಲ್ ಬ್ಯಾಗಿನಲ್ಲಿ ಇನ್ನೊಂದು ಹಳೆಯ ಫೋನ್ ಆಗಾಗ ಗುಂಯ್ಗುಡುತ್ತಿದ್ದದ್ದೂ ಅವಳಿಗೆ ಗೊತ್ತಿತ್ತು.

"ಅದು ಆಫೀಸಿಂದಾ?" ಎಂದು ಒಮ್ಮೆ ಕೇಳಿದ್ದಳು.

"ಅದೂ ಇದೂ ಬರ್ತಿರುತ್ತೆ," ಅಂದಿದ್ದ ಅವನು. ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ಅವಳು ಬೆಳಕು ತನ್ನ ಕಡೆಗೇ ಬಿದ್ದಿದೆ ಎಂದುಕೊಂಡಳು.

ಮಾವನಿಗೆ ನಿದ್ದೆಯಲ್ಲೂ ಕಿವಿ ತೆರೆದಿರುತ್ತಿತ್ತು. ಸಂಜೆ ಅಂಗಡಿ ಮುಚ್ಚುವಾಗ ಕೇಳಿದರು.

"ಆ ಕವರ್ ಯಾರಿಗೆ ಅಂತ ಕೇಳಿದ್ಯಾ?"

"ಫೋನ್ ಅವರ ಕೈಯಲ್ಲೇ ಇತ್ತಲ್ಲ ಮಾವ. ಇನ್ಯಾರಿಗೆ?"

"ಬೆಲ್ಟ್ ಕೇಳ್ಕೊಂಡು ಬಂದವನನ್ನ ನಾನು ಮೊದಲು ಕೇಳೋದೇ ಅದು. ಅವನ ಸೊಂಟ ಅಳೆದು ಕೊಟ್ರೆ, ಕೊನೆಗೆ ಅದು ಅವನ ಭಾವನಿಗೆ ಆಗಿರುತ್ತೆ."

"ನಿಮ್ಮ ಬೆಲ್ಟೇ ಬೇರೆ, ನನ್ನ ಕವರೇ ಬೇರೆ," ಅಂದಳು.

ಹೊಲಿಯುವಾಗ ಅವಳು ಆ ಕೈಯನ್ನು ನೆನೆನೆನೆದು ಹೊಲಿದಳು. ಮುಚ್ಚಳದ ಮಡಿಕೆ ಬಲಗಡೆ ಬರಬೇಕು, ತೆರೆಯುವುದು ಎಡಗಡೆಯಿಂದ. ಹೆಬ್ಬೆರಳು ಬಾಗಿದ್ದಷ್ಟೇ ಓರೆಯಾಗಿ ಎಡ ಅಂಚಿನಲ್ಲಿ ಗುಳಿ ಕೊರೆದಳು. ಮೇಣ ಸವರಿದ ಗಟ್ಟಿ ದಾರ, ಚಹಾದ ಬಣ್ಣದ ಚರ್ಮ. ಅಂಥ ಕವರನ್ನು ಅವಳು ಯಾರಿಗೂ ಹೊಲಿದಿರಲಿಲ್ಲ.

ಅವನು ಬಂದು ಕೈಗೆತ್ತಿಕೊಂಡ. ನೋಡದೆಯೇ ಹೆಬ್ಬೆರಳು ಗುಳಿಯಲ್ಲಿ ಹೋಗಿ ಕೂತಿತು, ಮುಚ್ಚಳ ತೆರೆಯಿತು.

"ನನ್ನ ಕೈ ಜೊತೆಗೇ ಹುಟ್ಟಿದ ಹಾಗಿದೆ," ಅಂದ.

"ಮತ್ತೆ? ಸುಮ್ನೆ ನೋಡ್ತಿದ್ದೆ ಅಂದ್ಕೊಂಡ್ರಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಬಾಯಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ. ಅಷ್ಟು ದಿನದಲ್ಲಿ ಅದು ಮೊದಲ ಸಲ.

"ನಿಮಗೊಂದು ಮಾತು ಹೇಳ್ಬೇಕು. ತುಂಬಾ ದಿನದಿಂದ ಹೇಳ್ಬೇಕು ಅಂತಿದೀನಿ."

"ಹೇಳಿ."

ಅವನು ಮುಚ್ಚಳ ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. "ಇನ್ನೊಂದು ದಿನ ಹೇಳ್ತೀನಿ," ಅಂದು ಹೊರಟ.

ಆ ಮಾತು ಏನಿರಬಹುದೆಂದು ಅವಳು ಕೇಳಬೇಕಾಗಿರಲಿಲ್ಲ. ಮರುದಿನ ನೀಲಿ ಬಟ್ಟೆ ಹಾಕಿಕೊಂಡು ಬಂದಳು, ಉಗುರುಗಳನ್ನು ಬ್ರಷ್‌ನಲ್ಲಿ ಉಜ್ಜಿ ತೊಳೆದುಕೊಂಡಿದ್ದಳು. ಅವನು ಬರಲಿಲ್ಲ. ಲಿಫ್ಟ್ ಮೇಲೆ ಕೆಳಗೆ ಸಲೀಸಾಗಿ ಓಡಾಡುತ್ತಿತ್ತು. ಹಲ್ಲುನೋವಿನವರು ಖುಷಿಪಟ್ಟರು, ಜೆರಾಕ್ಸಿನಾಕೆ ಖುಷಿಪಟ್ಟಳು. ಅದು ಕೆಟ್ಟು ನಿಲ್ಲಲಿ ಎಂದು ಹಾರೈಸುತ್ತಿದ್ದವಳು ಇಡೀ ಬಿಲ್ಡಿಂಗಿನಲ್ಲಿ ಸೂಜಿಯೊಬ್ಬಳೇ.

ಒಂದು ಮಧ್ಯಾಹ್ನ ಲಿಫ್ಟಿನ ಬಾಗಿಲು ತೆರೆದು ಒಬ್ಬ ಹುಡುಗಿ ಬಂದಳು. ಕೂದಲು ಒದ್ದೆ, ಹೆಗಲಿಗೆ ಟವೆಲ್ ತುರುಕಿದ ಚೀಲ, ಹತ್ತಿರ ಬಂದಾಗ ಈಜುಕೊಳದ ಔಷಧಿಯ ವಾಸನೆ. ಚೀಲದಿಂದ ಚಹಾದ ಬಣ್ಣದ ಕವರನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕ, ಇದನ್ನ ಹೊಲಿದದ್ದು ನೀವೇನಾ?"

ಸೂಜಿ ಮೇಜಿನ ಮೇಲೆ ಬಾಗಿ ನೋಡಿದಳು. ಕವರಿನ ಮೇಲೆ ನೀರಿನ ಕಲೆಗಳಿದ್ದವು.

"ನಾನೇ. ನಿಮಗೆ ಎಲ್ಲಿ ಸಿಕ್ತು?"

"ನಮ್ಮವರು ಕೊಟ್ರು. ಅಂದ್ರೆ ಇನ್ನೂ ಆಗ್ಬೇಕು, ಮದುವೆ ಗೊತ್ತಾಗಿದೆ." ಹುಡುಗಿ ಸ್ವಲ್ಪ ನಾಚಿಕೊಂಡಳು. "ನಿಮ್ಮ ಲಿಫ್ಟ್ ರಿಪೇರಿಗೆ ಬರ್ತಿದ್ರಲ್ಲ, ಅವರೇ. ಹೊಸ ಫೋನ್ ತಗೊಂಡು, ಸಿಮ್ ಕೂಡ ಹಾಕದೆ ಮೊದಲು ಇಲ್ಲಿಗೆ ತಂದು, ಕವರ್ ಮಾಡಿಸಿ ಕೊಟ್ಟಿದಾರೆ. ಆದ್ರೆ ನೋಡಿ, ನನ್ನ ಕೈಗೆ ಇದು ಬೆನ್ನು ತಿರುಗಿಸ್ಕೊಂಡೇ ಇರುತ್ತೆ."

ಅವಳು ಬಲಗೈಯಲ್ಲಿ ಕವರ್ ಹಿಡಿದು ತೋರಿಸಿದಳು. ಬಲ ಹೆಬ್ಬೆರಳು ಮಡಿಕೆಯ ಮೇಲೆ ತಡವರಿಸಿತು. ಗುಳಿ ಆ ಕಡೆ ಇತ್ತು.

ಸಿಮ್ ಕೂಡ ಹಾಕದೆ. ಸೂಜಿಗೆ ಒಂದೊಂದೇ ನೆನಪಾಯಿತು. ತೆಗೆಯದೇ ಉಳಿದ ಪ್ಲಾಸ್ಟಿಕ್ಕು, ಇಡೀ ದಿನ ಸದ್ದಿಲ್ಲದೆ ಬಿದ್ದಿದ್ದ ಫೋನ್, ನಿಮ್ಮ ಹತ್ರ ತಾನೇ ಇರೋದು ಎಂಬ ಮಾತು. ಯಾರೂ ಇಲ್ಲದವನು ಎಂದು ತಾನು ಮರುಗಿದ್ದು ನೆನೆದು ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು.

"ತಿರುಗಿಸಿ ಹೊಲಿಯೋಕಾಗುತ್ತಾ ಅಕ್ಕ?"

"ಆಗಲ್ಲ. ಬಟ್ಟೆಯಾದ್ರೆ ಬಿಚ್ಚಿ ಹೊಲಿಬಹುದು. ಚರ್ಮಕ್ಕೆ ಒಂದ್ಸಲ ತೂತು ಬಿದ್ರೆ ಮುಚ್ಚಲ್ಲ." ಧ್ವನಿ ತನ್ನದೇ ಎಂದು ಸೂಜಿಗೆ ಅನ್ನಿಸಲಿಲ್ಲ. "ನಿಮ್ಮ ಕೈ ನೋಡಿದೆನಲ್ಲ, ಹೊಸದು ಹೊಲಿದುಕೊಡ್ತೀನಿ."

"ಬೇಡ. ಹೇಗಿದ್ರೂ ನನಗೆ ಚರ್ಮ ಆಗಿಬರಲ್ಲ. ಮಕ್ಕಳಿಗೆ ಈಜು ಕಲಿಸ್ತೀನಿ, ನನ್ನ ಕೈ ಒಣಗೋದೇ ಇಲ್ಲ. ಲೆದರ್ ವಾಚ್ ಪಟ್ಟಿ ಕೊಳೆತು ಬಿದ್ದಾಗ ಅವರೇ ಬೈದು ರಬ್ಬರಿಂದು ಹಾಕಿಸಿಕೊಟ್ಟಿದ್ರು." ಹುಡುಗಿ ಅಷ್ಟು ಹೇಳಿ ತಡೆದಳು. ತಾನೇ ಆಡಿದ ಮಾತು ತನಗೇ ಈಗ ಕೇಳಿಸಿದ ಹಾಗಿತ್ತು.

ಶೋಕೇಸಿನಲ್ಲಿ ಹೊಲಿದಿಟ್ಟ ಬೇರೆ ಕವರುಗಳಿದ್ದವು. ಅವಳು ಒಂದನ್ನು ತೆಗೆದು ಬಲ ಹೆಬ್ಬೆರಳಿನಿಂದ ತೆರೆದಳು. ಸರಾಗವಾಗಿ ತೆರೆಯಿತು. ಇನ್ನೊಂದೂ ತೆರೆಯಿತು. ಆಮೇಲೆ ಚಹಾದ ಬಣ್ಣದ್ದನ್ನು ಎಡಗೈಗೆ ಬದಲಿಸಿ, ಗುಳಿಯಲ್ಲಿ ಎಡ ಹೆಬ್ಬೆರಳಿಟ್ಟಳು. ಗುಳಿಯ ಓರೆ ಅವಳ ಬೆರಳಿಗೂ ಸರಿಹೋಗಲಿಲ್ಲ.

"ಯಾರ ಕೈ ನೋಡಿ ಹೊಲಿದ್ರಿ?"

ಸೂಜಿ ಮೇಜಿನ ಮೇಲಿನ ಚರ್ಮದ ತುಂಡುಗಳನ್ನು ಒಟ್ಟುಮಾಡತೊಡಗಿದಳು.

"ಅವರ ಹೆಬ್ಬೆರಳು ಹೀಗೆ ಹೊರಗೆ ಬಾಗಿದೆ," ಅಂದಳು ಹುಡುಗಿ ಮೆಲ್ಲಗೆ. "ಎರಡು ವರ್ಷದಿಂದ ಆ ಕೈ ಹಿಡ್ಕೊಂಡು ಓಡಾಡಿದೀನಿ. ಎಷ್ಟು ಬಾಗಿದೆ ಅಂತ ನಾನು ನೋಡಿರ್ಲಿಲ್ಲ."

"ನನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಅಂತ ಕಾಣ್ತಾ ಇದೆ ಅಕ್ಕ. ಗೊತ್ತಿದ್ದಿದ್ರೆ ಬಲಗೈಗೆ ಹೊಲೀತಿದ್ರಿ."

ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಡುಗಿ ಕವರನ್ನು ಮೇಜಿನ ಮೇಲೆ ಬಿಟ್ಟು, ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಲಿಫ್ಟ್ ಬಾಗಿಲು ತೆರೆದೇ ಇತ್ತು, ಅವಳು ಅದರ ಕಡೆ ನೋಡಲಿಲ್ಲ. ಅಂದು ಸೂಜಿ ಕೆಲಸ ಮುಗಿಯುವವರೆಗೂ ಕೂತು ಹೊಲಿದಳು. ಮಾವ ಎಚ್ಚರವಾಗಿಯೇ ಇದ್ದರು. ಹೊರಡುವಾಗ ಅವಳ ಕೈಚೀಲವನ್ನು ತಾವೇ ಹೊತ್ತುಕೊಂಡರು.

ಕೆಲವು ದಿನಗಳಾದ ಮೇಲೆ ಅವನು ಬಂದ. ಗಡ್ಡ ಬೆಳೆದಿತ್ತು, ಟೂಲ್ ಬ್ಯಾಗ್ ಇರಲಿಲ್ಲ. ಮಾವ ಅವನನ್ನು ಕಂಡು ಕುರ್ಚಿ ಸಮೇತ ಬಾಗಿಲ ಆಚೆಗೆ ಸರಿದು ಕೂತರು.

"ಅವಳು ಮದುವೆ ಬೇಡ ಅಂದ್ಲು," ಅಂದ.

"ಒಳ್ಳೇದಾಯ್ತು. ಅವರಿಗೆ."

"ನಿಮಗೆ ಹೇಳ್ಬೇಕು ಅಂತ ಪ್ರತಿ ಸಲಾನೂ ಬರ್ತಿದ್ದೆ. ಮೊದಲನೇ ದಿನವೇ ಹೇಳಿದ್ರೆ ಅಲ್ಲಿಗೇ ಮುಗೀತಿತ್ತು. ಹೇಳಿಬಿಟ್ರೆ ಮಾರನೇ ದಿನ ಬರೋಕೆ ನೆಪ ಇರ್ತಿರ್ಲಿಲ್ಲ."

ಸೂಜಿ ದಾರಕ್ಕೆ ಮೇಣ ಸವರುತ್ತಲೇ ಇದ್ದಳು. "ಅವರ ಕೈ ಯಾವಾಗ್ಲೂ ಒದ್ದೆ ಇರುತ್ತೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಆದ್ರೂ ಚರ್ಮ ಆರಿಸಿದ್ರಿ."

"ಅವತ್ತು ಕೆಳಗಡೆ ಅಂಗಡೀಲಿ ರಬ್ಬರ್ ಕವರ್ ತಗೊಳ್ಳೋಕೆ ಅಂತಾನೇ ಹೊರಟಿದ್ದೆ. ಗಾಜಿನಲ್ಲಿ ನೀವು ಕಂಡ್ರಿ." ಅವನು ನೆಲ ನೋಡುತ್ತ ಹೇಳಿದ. "ನಿಮ್ಮ ಹತ್ರ ಚರ್ಮ ಬಿಟ್ಟು ಬೇರೆ ಏನಿತ್ತು ಕೇಳೋಕೆ?"

ಇಂಥ ಮಾತಿಗಾಗಿ ಅವಳು ನೀಲಿ ಬಟ್ಟೆ ಹಾಕಿಕೊಂಡು ಕಾದಿದ್ದಳು. ಈಗ ಅದು ಬಂದಿತ್ತು, ಸುಳ್ಳಾಗಿರಲೂ ಇಲ್ಲ. ಎದೆಯೊಳಗೆ ಏನೋ ಸಡಿಲವಾಗಿ, ಹೂಂ ಅಂದುಬಿಡಲೇ ಅನ್ನಿಸಿತು. ಅನ್ನಿಸಿದ್ದು ನಿಜ. ಅವನ ಎಡಗೈ ಮೇಜಿನ ಅಂಚಿನ ಮೇಲಿತ್ತು, ಒಂದು ಗೇಣು ದೂರದಲ್ಲಿ.

"ಒಂದು ಕೇಳ್ತೀನಿ, ನೇರವಾಗಿ ಹೇಳಿ," ಅಂದಳು. "ಅವರನ್ನ ನೀವು ಬಿಟ್ಟು ಬಂದ್ರಾ, ಅವರು ನಿಮ್ಮನ್ನ ಬಿಟ್ಟಿದ್ದಕ್ಕೆ ಬಂದ್ರಾ?"

ಅವನು ಮೇಜಿನ ಅಂಚಿನಿಂದ ಕೈ ತೆಗೆದ. ಮಾವನ ಕುರ್ಚಿ ಬಾಗಿಲಾಚೆ ಕಿರುಗುಟ್ಟಿತು.

"ಅವರು ಬೇಡ ಅನ್ನದೆ ಇದ್ದಿದ್ರೆ ಇವತ್ತು ಬರ್ತಿದ್ರಾ?"

"ನಿಮ್ಮನ್ನ ಇಷ್ಟಪಟ್ಟಿದ್ದು ಸುಳ್ಳಲ್ಲ."

"ಸುಳ್ಳು ಅಂತ ನಾನೂ ಅನ್ನಲ್ಲ. ನನಗೂ ಇಷ್ಟ ಇತ್ತು, ಈಗ್ಲೂ ಇದೆ, ಮುಚ್ಚಿಡೋದೇನು?" ದಾರ ಅವಳ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. "ಆದ್ರೆ ಅವರಿಗೆ ಅಂತ ಬಂದು ನನ್ನ ಮುಂದೆ ಕಣ್ಣು ಮುಚ್ಚಿ ಕೈ ಚಾಚಿದ್ರಿ. ನಾಳೆ ನನಗೆ ಅಂತ ಹೋಗಿ ಯಾರ ಮುಂದೆ ಚಾಚ್ತೀರೋ ಅಂತ ನಾನು ಇಲ್ಲಿ ಕೂತು ಯೋಚಿಸ್ತಿರ್ಬೇಕಾ? ನನ್ನ ಕೈಲಾಗಲ್ಲ."

ಅವಳು ಡ್ರಾಯರಿನಿಂದ ಕವರನ್ನು ತೆಗೆದು ಅವನ ಮುಂದಿಟ್ಟಳು.

"ತಗೊಂಡು ಹೋಗಿ. ನಿಮ್ಮ ಕೈಗೇ ಹೊಲಿದದ್ದು."

ಅವನು ಜೇಬಿನಿಂದ ತನ್ನ ಹಳೆಯ ಫೋನ್ ತೆಗೆದು ಅದರೊಳಗೆ ಇಡಲು ನೋಡಿದ. ಹಿಡಿಯಲಿಲ್ಲ. ಹಳೆಯದು ದಪ್ಪ, ಅಗಲ. ಕವರ್ ಇದ್ದದ್ದು ಆ ಹುಡುಗಿಯ ಫೋನಿನ ಅಳತೆಗೆ. ಅವನ ಕೈಗೆ, ಅವಳ ಫೋನಿಗೆ ಸೂಜಿ ಹೊಲಿದ ವಸ್ತು ಈ ಮೂವರಲ್ಲಿ ಯಾರಿಗೂ ಆಗುವಂತಿರಲಿಲ್ಲ. ಅವನು ಅದನ್ನು ಹಿಂದಕ್ಕೆ ಮೇಜಿನ ಮೇಲಿಟ್ಟು, ಮುಚ್ಚಳವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಹೋದ.

ಅವನು ಲಿಫ್ಟಿನಲ್ಲಿ ಇಳಿಯುವ ಸದ್ದು ನಿಲ್ಲುವವರೆಗೂ ಅವಳು ಅಳಲಿಲ್ಲ. ಆಮೇಲೆ ಅತ್ತಳು. ಮಾವ ಗಾಜಿನ ಬಾಗಿಲಿಗೆ "ಮುಚ್ಚಿದೆ" ಎಂಬ ಬೋರ್ಡು ತಿರುಗಿಸಿ, ನೀರಿನ ಲೋಟ ತಂದಿಟ್ಟರು.

ಈಗ ಲಿಫ್ಟಿಗೆ ಬೇರೆ ಮನುಷ್ಯ ಬರುತ್ತಾನೆ. ವಯಸ್ಸಾದವನು, ಕೆಲಸ ಚುರುಕು, ಯಾವ ಅಂಗಡಿಗೂ ಇಣುಕುವುದಿಲ್ಲ. ಚಹಾದ ಬಣ್ಣದ ಕವರ್ ಶೋಕೇಸಿನ ಕೆಳಗಿನ ಸಾಲಿನಲ್ಲಿದೆ. ಚೆನ್ನಾಗಿದೆ ಎಂದು ಜನ ಎತ್ತಿಕೊಳ್ಳುತ್ತಾರೆ, ಬಲಗೈಯಲ್ಲಿ ತೆರೆಯಲು ನೋಡಿ ಸುಮ್ಮನೆ ಇಟ್ಟುಬಿಡುತ್ತಾರೆ.

ಸೂಜಿ ಈಗಲೂ ಗಿರಾಕಿಯ ಕೈ ನೋಡುತ್ತಾಳೆ, ಕಲಿತ ಬುದ್ಧಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ.

"ಯಾರಿಗೆ?"

"ನನಗೇ," ಅನ್ನುತ್ತಾರೆ ಹೆಚ್ಚಿನವರು.

"ನಿಜವಾಗ್ಲೂ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವರು ನಗುತ್ತಾರೆ. ಅವಳು ನಗುವುದಿಲ್ಲ. ಇನ್ನೊಮ್ಮೆ ಹೌದು ಅನ್ನುವವರೆಗೂ ಅಳತೆಪಟ್ಟಿ ಎತ್ತುವುದೂ ಇಲ್ಲ.